ಹಳೆಯ ಡೆಲ್ ಲ್ಯಾಪ್‌ಟಾಪ್‌ಗೆ ಯಾವ ಬ್ಯಾಟರಿ ಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: 2017ರಲ್ಲಿ ಕೊಂಡ ಡೆಲ್ ಇನ್‌ಸ್ಪಿರಾನ್ 3567, ಚಾರ್ಜರ್ ತೆಗೆದರೆ ಕಾಲು ಗಂಟೆಯೂ ನಿಲ್ಲುತ್ತಿಲ್ಲ. ಆನ್‌ಲೈನಿನಲ್ಲಿ 1,300 ರೂಪಾಯಿಯ ಬ್ಯಾಟರಿಯೂ ಇದೆ, 4,000ದ್ದೂ ಇದೆ. ಯಾವುದನ್ನು ನಂಬುವುದು?

ಇದೇ ಮಾಡೆಲ್ ನಮ್ಮ ಮನೆಯಲ್ಲೂ ಇದೆ, ಬ್ಯಾಟರಿ ಬದಲಾಯಿಸಿಕೊಂಡು ಇನ್ನೂ ಓಡುತ್ತಿದೆ.

ದುಡ್ಡು ಹಾಕುವ ಮೊದಲು ಚಾರ್ಜರ್ ನೋಡಿ. ಡೆಲ್ ಚಾರ್ಜರಿನ ಪಿನ್ ಒಳಗೆ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ. ಇದು ಎಷ್ಟು ವ್ಯಾಟಿನ ಚಾರ್ಜರ್ ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದೇ ಅದರ ಕೆಲಸ. ಅದು ಬಗ್ಗಿದರೆ ಅಥವಾ ಅದರ ವೈರ್ ಒಳಗೆ ಕಡಿದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಗೆ, ಹೋಗಿ. ಚಾರ್ಜರ್ ಎಷ್ಟು ವ್ಯಾಟ್ ಎಂದು ತೋರಿಸದೆ ಗೊತ್ತಿಲ್ಲ ಎಂದು ತೋರಿಸಿದರೆ ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ.

ಚಾರ್ಜರ್ ಸರಿ ಇದ್ದರೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಕಮಾಂಡ್ ಪ್ರಾಂಪ್ಟಿನಲ್ಲಿ (ಸ್ಟಾರ್ಟ್ ಮೆನುವಿನಲ್ಲಿ cmd ಎಂದು ಹುಡುಕಿದರೆ ಸಿಗುವ ಕಪ್ಪು ಕಿಟಕಿ) powercfg /batteryreport ಎಂದು ಬರೆದರೆ ಸಾಕು. ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗ ಹಿಡಿಯಬೇಕಾದಷ್ಟು), ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗ ಹಿಡಿಯುವಷ್ಟು) ಎಂಬ ಎರಡು ಸಂಖ್ಯೆ ಸಿಗುತ್ತವೆ. ಮೊದಲನೆಯದು ಸುಮಾರು 40,000 ಮಿಲಿವ್ಯಾಟ್-ಅವರ್, ಅಂದರೆ 40 ವ್ಯಾಟ್-ಅವರ್ ಇರಬೇಕು; ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ ಇದು. ಎರಡನೆಯದು ಅದರ ಅರ್ಧಕ್ಕಿಂತ ತುಂಬ ಕೆಳಗಿದ್ದರೆ ಬ್ಯಾಟರಿಯ ಕಾಲ ಮುಗಿಯಿತು ಎಂದೇ ಲೆಕ್ಕ.

ಈಗ ಆಯ್ಕೆಗೆ ಬರೋಣ. ನಿಮ್ಮ ಬ್ಯಾಟರಿಯನ್ನು ಹೊರಗಿನಿಂದಲೇ ತೆಗೆಯಬಹುದು, ಸ್ಕ್ರೂ ಬಿಚ್ಚುವ ಗೋಜಿಲ್ಲ. ತೆಗೆದು ಲೇಬಲ್ ಓದಿ. ಬಹುಶಃ ಎಂ5ವೈ1ಕೆ (M5Y1K), 14.8 ವೋಲ್ಟ್, 40 ವ್ಯಾಟ್-ಅವರ್ ಎಂದಿರುತ್ತದೆ. ಹೊಸದರ ವೋಲ್ಟೇಜ್ ಲೇಬಲಿನಲ್ಲಿರುವಷ್ಟೇ ಇರಬೇಕು. ಲ್ಯಾಪ್‌ಟಾಪಿನ ಹೆಸರು ನೋಡಿ ಕೊಳ್ಳಬೇಡಿ, ಈ ಪಾರ್ಟ್ ನಂಬರ್ ನೋಡಿ ಕೊಳ್ಳಿ.

ಜನ ಮೋಸ ಹೋಗುವುದು ಎಂಎಎಚ್ (mAh, ಮಿಲಿಆಂಪ್-ಅವರ್; ಸಾವಿರ ಸೇರಿದರೆ ಒಂದು ಆಂಪ್-ಅವರ್) ಸಂಖ್ಯೆ ನೋಡಿ. ಇದರೊಳಗೆ ಟಾರ್ಚ್ ಸೆಲ್ಲಿನಂಥ ನಾಲ್ಕು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರುತ್ತಾರೆ. ಒಂದೊಂದು 3.7 ವೋಲ್ಟ್, ನಾಲ್ಕು ಸೇರಿ 14.8. ಹೀಗೆ ಜೋಡಿಸಿದಾಗ ವೋಲ್ಟೇಜ್ ಕೂಡುತ್ತದೆ, ಎಂಎಎಚ್ ಕೂಡುವುದಿಲ್ಲ. ಒಂದು ಸೆಲ್ಲಿಗೆ ಎಷ್ಟೋ, ಪ್ಯಾಕಿಗೂ ಅಷ್ಟೇ. 18650 ಎಂಬ ಈ ಅಳತೆಯ ಸೆಲ್‌ಗಳಲ್ಲಿ ಒಳ್ಳೊಳ್ಳೆಯ ಕಂಪನಿಗಳದ್ದೇ 3,500ರ ಆಸುಪಾಸಿಗೆ ನಿಲ್ಲುತ್ತವೆ. ಹಾಗಿರುವಾಗ ನಾಲ್ಕು ಸೆಲ್ಲಿನ ಪ್ಯಾಕ್ ಮೇಲೆ 5,200 ಎಂದು ಬರೆದಿದ್ದರೆ ಸುಳ್ಳು ಎಂದು ಅಲ್ಲೇ ಗೊತ್ತಾಯಿತು, ಅಲ್ವಾ? ವೋಲ್ಟನ್ನು ಆಂಪ್-ಅವರಿನಿಂದ ಗುಣಿಸಿದರೆ ವ್ಯಾಟ್-ಅವರ್. ಕಡಿಮೆ ಬೆಲೆಯವು ಸಾಮಾನ್ಯವಾಗಿ 2,200 ಎಂಎಎಚ್ ಇರುತ್ತವೆ. 14.8 ಗುಣಿಸು 2.2, ಅಂದರೆ ಸುಮಾರು 32.6 ವ್ಯಾಟ್-ಅವರ್. ಹಳೆಯದಕ್ಕಿಂತ ಕಡಿಮೆಯೇ. ಆದರೂ ಸತ್ಯ ಬರೆದು 32 ಕೊಡುವವನು ನನಗೆ ವಾಸಿ. ಸುಳ್ಳು ಬರೆಯುವವನು ಒಳಗೆ ಎಂಥ ಸೆಲ್ ಹಾಕಿರುತ್ತಾನೋ ಯಾರಿಗೆ ಗೊತ್ತು.

ಡೆಲ್‌ನದ್ದೇ ಸಿಕ್ಕಿದರೆ ತಯಾರಾದ ತಾರೀಖು ನೋಡಿ. ಬಳಸದೆ ಡಬ್ಬದಲ್ಲಿಟ್ಟರೂ ಲಿಥಿಯಂ ಬ್ಯಾಟರಿಗೆ ವಯಸ್ಸಾಗುತ್ತದೆ. ಮೂರ್ನಾಲ್ಕು ವರ್ಷ ಗೋಡೌನಿನಲ್ಲಿದ್ದ ಒರಿಜಿನಲ್‌ಗಿಂತ ಈ ವರ್ಷ ತಯಾರಾದ ಬೇರೆ ಕಂಪನಿಯದ್ದನ್ನೇ ನಾನು ತೆಗೆದುಕೊಳ್ಳುವುದು. ಆದರೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ, ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್) ಗುರುತು ಇರಲೇಬೇಕು: ಐಎಸ್ 16046 ಎಂಬ ಸಂಖ್ಯೆ, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ತಯಾರಕರದ್ದು ಎಂದು ತೋರಿಸುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅಂಗಡಿಯಲ್ಲೇ ನಿಂತು ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಹಳೆ ಪ್ಯಾಕ್ ಬಿಚ್ಚಿಸಿ ಸೆಲ್ ಮಾತ್ರ ಬದಲಾಯಿಸುವ ಗೊಡವೆಗೆ ಹೋಗಬೇಡಿ. ಸೆಲ್ ಕಳಚಿದ ಕೂಡಲೇ ಒಳಗಿನ ಚಿಪ್ ಲಾಕ್ ಆಗುವುದುಂಟು. ವೆಲ್ಡಿಂಗ್ ಸರಿಯಾಗದಿದ್ದರೆ ಬೆಂಕಿಯ ಭಯ ಬೇರೆ.

ಹೊಸದು ಬಂದ ಮೇಲೆ ರಿಪೋರ್ಟ್ ನೋಡಿ ಖುಷಿಪಡಬೇಡಿ. ಡಿಸೈನ್ ಕೆಪ್ಯಾಸಿಟಿ ಎಂಬುದು ತಯಾರಿಸಿದವರು ಚಿಪ್ಪಿನಲ್ಲಿ ಬರೆದಿಟ್ಟ ಸಂಖ್ಯೆ, ಅಷ್ಟೇ. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಒಂದು ಉದ್ದನೆಯ ವಿಡಿಯೊ ಹಾಕಿ ಬಿಡಿ. ಪರ್ಸೆಂಟ್ ಒಂದೇ ಸಮನೆ ಇಳಿಯಬೇಕು. ನಲವತ್ತರಲ್ಲಿದ್ದದ್ದು ಇದ್ದಕ್ಕಿದ್ದಂತೆ ಐದಕ್ಕೆ ಬಿದ್ದರೆ, ಅಥವಾ ಲ್ಯಾಪ್‌ಟಾಪ್ ಆಫ್ ಆದರೆ, ವಾಪಸ್ ಕಳಿಸಿ. ವಾಪಸಾತಿಯ ಗಡುವು ಮುಗಿಯುವ ಮುಂಚೆ ಈ ಪರೀಕ್ಷೆ ಆಗಬೇಕು. ನನ್ನ ಭಾವನಿಗೆ ತರಿಸಿದ ಒಂದು ಹೀಗೇ ಮಾಡಿತು. ರಿಪೋರ್ಟಿನಲ್ಲಿ ಮಾತ್ರ ಎಲ್ಲ ಚೆನ್ನಾಗಿತ್ತು!

ಎಷ್ಟು ಖರ್ಚು ಮಾಡಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಮ್ಮ ಪ್ರೊಸೆಸರ್ 6 ಅಥವಾ 7ನೇ ತಲೆಮಾರಿನದ್ದು, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಇದಕ್ಕೆ ಹೆಚ್ಚು ಸುರಿಯುವುದು ಬೇಡ. ಹಾರ್ಡ್ ಡಿಸ್ಕ್ ಇನ್ನೂ ಹಳೆಯದೇ ಇದ್ದರೆ, ದುಬಾರಿ ಬ್ಯಾಟರಿಗೆ ಹಾಕುವ ದುಡ್ಡಿನಲ್ಲಿ ಸಾಧಾರಣ ಬ್ಯಾಟರಿ ಕೊಂಡು, ಉಳಿದದ್ದನ್ನು ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಡಿಸ್ಕ್) ಹಾಕಿ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡರೆ ಇನ್ನೂ ಕೆಲವು ವರ್ಷ ನಿಶ್ಚಿಂತೆ. ಯಾವಾಗಲೂ ಮೇಜಿನ ಮೇಲೇ ಇಟ್ಟು ಬಳಸುವುದಾದರೆ, ಕರೆಂಟ್ ಹೋದಾಗ ಕೆಲಸ ಸೇವ್ ಮಾಡುವಷ್ಟು ಹೊತ್ತು ನಿಂತರೆ ಸಾಕಲ್ಲ?

ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಒತ್ತಡಕ್ಕೆ ಸಿಕ್ಕಿ ಒಡೆದರೆ ಬೆಂಕಿ ಹತ್ತುತ್ತದೆ. ಹೊಸದು ಕೊಳ್ಳುವ ಅಂಗಡಿಯವರು ತೆಗೆದುಕೊಳ್ಳುತ್ತಾರಾ ಕೇಳಿ, ಇಲ್ಲವಾದರೆ ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ. ಕೊಡುವ ಮುಂಚೆ ಅದರ ಕನೆಕ್ಟರ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ.