ಚಂದಾ ಕೇಳಲು ನಾಚಿಕೆ ಯಾಕೆ?

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: "ಕೆಲವು ವರ್ಷಗಳಿಂದ ಓಡುತ್ತಿದ್ದೇನೆ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಊಟಿಗೆ ಸೈಕಲ್ ಯಾತ್ರೆ ಇದೆ, ಬಾ ಅಂತ ಗೆಳೆಯರು ಕರೆಯುತ್ತಿದ್ದಾರೆ. ಕ್ಯಾನ್ಸರ್ ಪೀಡಿತ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಬೇಕಂತೆ. ಓಟದ ಅಭ್ಯಾಸ ಕೆಡುತ್ತದೇನೋ ಎಂಬ ಭಯ. ಜೊತೆಗೆ ಪರಿಚಯದವರ ಮುಂದೆ ಕೈಚಾಚಲು ನಾಚಿಕೆ. ಏನು ಮಾಡಲಿ?"

ಹೋಗಿ. ಖಂಡಿತ ಹೋಗಿ.

ನಿಮ್ಮ ಭಯ ಪೂರ್ತಿ ಸುಳ್ಳಲ್ಲ. 42 ಕಿ.ಮೀ. ಓಡುವ ಕಾಲು ನೆಲಕ್ಕೆ ಬಡಿದೇ ಗಟ್ಟಿಯಾಗಬೇಕು. ಸೈಕಲ್ ಆ ಕೆಲಸ ಮಾಡದು. ಆ ಒಂದು ವಾರ ದೂರದ ಓಟದ ಅಭ್ಯಾಸ ತಪ್ಪುತ್ತದೆ, ತಪ್ಪಲಿ ಬಿಡಿ. ನಿಮ್ಮ ಎದೆ, ಉಸಿರು ಆಗಲೇ ಪಳಗಿವೆ. ಇನ್ನು ಪಳಗಬೇಕಾದದ್ದು ತೊಡೆ, ಅಂಗೈ ಮತ್ತು ಕೂರುವ ಜಾಗ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರುವಷ್ಟು ಸೀಟು ಏರಿಸಿ. ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ. ಮಸಿನಗುಡಿ ದಾಟಿದರೆ ಊಟಿಗೆ ಏರುವ ಕಲ್ಹಟ್ಟಿ ಘಾಟಿ, 36 ತಿರುವು. ಕಾಲಲ್ಲಿ ಕಸುವಿದೆ ಅಂತ ಭಾರದ ಗೇರ್ ಹಾಕಿ ಹಲ್ಲು ಕಚ್ಚಿ ತುಳಿಯಬೇಡಿ. ಹಗುರ ಗೇರಿನಲ್ಲಿ ನಿಧಾನ ಏರಿ. ಆಗದಿದ್ದರೆ ಇಳಿದು ತಳ್ಳಿ.

ನನಗೆ ಬೇಸರವಾದದ್ದು ಆ ನಾಚಿಕೆಯ ಮಾತಿಗೆ. ನೀವು ಓಟಗಾರರು, ಟೆರ್ರಿ ಫಾಕ್ಸ್ ಹೆಸರು ಕೇಳಿರಬೇಕು. ಮೂಳೆ ಕ್ಯಾನ್ಸರಿಗೆ ಬಲಗಾಲು ಕಳೆದುಕೊಂಡ ಕೆನಡಾದ ಹುಡುಗ. 1980ರಲ್ಲಿ ಕೃತಕ ಕಾಲಿನಲ್ಲೇ ದೇಶ ದಾಟಲು ಹೊರಟ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್! ಕ್ಯಾನ್ಸರ್ ಸಂಶೋಧನೆಗೆ ತಲೆಗೊಂದು ಡಾಲರ್ ಕೊಡಿ ಎಂದು ಕೇಳಿದ. 143 ದಿನ, 5,373 ಕಿ.ಮೀ. ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡ. ಅಷ್ಟರಲ್ಲಿ ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತ್ತು. ಆಗಿನ ಕೆನಡಾದ ಜನಸಂಖ್ಯೆಗೆ ಲೆಕ್ಕ ಹಾಕಿದರೆ, ಕೇಳಿದಂತೆಯೇ ತಲೆಗೊಂದು ಡಾಲರ್.

ಅಷ್ಟು ದೂರ ಯಾಕೆ? ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹಳ್ಳಿ ಹಳ್ಳಿ ತಿರುಗಿ ದವಸ ತಂದು ಮಕ್ಕಳಿಗೆ ಊಟ ಹಾಕಿದರು. ಜೋಳಿಗೆ ಹಿಡಿದದ್ದಕ್ಕೆ ಅವರು ಸಣ್ಣವರಾದರಾ? ಗಣೇಶನ ಹಬ್ಬಕ್ಕೆ ಚಂದಾ ಪುಸ್ತಕ ಹಿಡಿದು ಬರುವ ಹುಡುಗರಿಗೆ ಒಂದಿಷ್ಟೂ ಸಂಕೋಚವಿಲ್ಲ. ಮಗುವಿನ ಔಷಧಿಗೆ ಕೇಳುವಾಗ ಮಾತ್ರ ನಮ್ಮ ನಾಲಿಗೆ ತಡವರಿಸುತ್ತದೆ, ಅಲ್ವಾ? ಇದು ಓದಿದವರಿಗೆ ಅಂಟಿದ ಬಿಂಕ. ಕೋಪ ಮಾಡಿಕೊಳ್ಳಬೇಡಿ, ನಿಮ್ಮೊಬ್ಬರಿಗೇ ಹೇಳುತ್ತಿಲ್ಲ.

ಒಂದೇ ಕಟ್ಟುನಿಟ್ಟು. ನಿಮ್ಮ ಊಟ, ವಸತಿ, ಟೀ ಶರ್ಟಿನ ಖರ್ಚು ನೀವೇ ಹಾಕಿಕೊಳ್ಳಿ. ಕೇಳಿ ತಂದ ದುಡ್ಡು ಪೈಸೆ ಬಿಡದೆ ಆಸ್ಪತ್ರೆಗೆ ಹೋಗಲಿ. ಎಲ್ಲರಿಗೂ ರಸೀದಿ ಕೊಡಿ. ನನ್ನ ಹೆಸರಿಗೂ ಒಂದು ಹರಿಯಿರಿ.

ಕೇಳುವುದಕ್ಕೆ ಜನ ಸಿಗುವ ದಾರಿಯಲ್ಲೇ ಹೋಗಿ. ರಾಮನಗರ, ಚನ್ನಪಟ್ಟಣ, ಮದ್ದೂರು ಊರೊಳಗೆ ಹಾದುಹೋಗುವ ಹಳೇ ರಸ್ತೆ. ಟೀ ಅಂಗಡಿ ಮುಂದೆ ಸೈಕಲ್ ಒರಗಿಸಿದರೆ ಸಾಕು, "ಎಲ್ಲಿಗೆ ಸಾರ್, ಯಾಕೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಆ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಓಡುತ್ತದೆ. ಅದರ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಪ್ರವೇಶವಿಲ್ಲ, ಸೈಕಲ್ಲಿಗಂತೂ ಇಲ್ಲವೇ ಇಲ್ಲ. ಕಾರು ಹೋಗುವ ವೇಗ ನೋಡಿದರೆ ನಿಷೇಧ ಸರಿಯೇ. ಆದರೆ ಅಷ್ಟು ಕೋಟಿ ಸುರಿದು ಮಾಡಿದ ರಸ್ತೆಯ ಅಂಚಿಗೆ ಸೈಕಲ್ಲಿಗೆಂದೇ ನಾಲ್ಕಡಿ ಬಿಡಲು ಯಾರಿಗೂ ತೋಚಲಿಲ್ಲವೇ? ಶಾಲೆಯ ಮಕ್ಕಳು, ಹಾಲಿನ ಕ್ಯಾನ್ ಹೊತ್ತವರು ಸರ್ವೀಸ್ ರಸ್ತೆಯಲ್ಲಿ ಎದುರಿಗೇ ನುಗ್ಗುವ ಟ್ರ್ಯಾಕ್ಟರ್ ತಪ್ಪಿಸಿಕೊಂಡು ಹೋಗಬೇಕು. ದಾರಿಯಲ್ಲಿ ಎಲ್ಲೆಲ್ಲಿ ಸೈಕಲ್ಲಿಗೆ ಜಾಗ ಇಲ್ಲ ಅಂತ ಊರಿನ ಹೆಸರು ಸಮೇತ ಗುರುತು ಹಾಕಿಕೊಂಡು ಬನ್ನಿ. ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

- ಸಂಪಾದಕ