ಡಿಕ್ರಿ ಬಂದಿದೆ, ಸಾಲ ಹೋಗಿಲ್ಲ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ನಿಮ್ಮ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬಿಟ್ಟು, ಇತರ ಓದುಗರಿಗೆ ವಿಷಯ ತಿಳಿಯಲು ಬೇಕಾದಷ್ಟನ್ನು ಮಾತ್ರ ಮೊದಲು ಹೇಳಿಬಿಡುತ್ತೇನೆ. ನೀವೂ ನಿಮ್ಮ ಪತಿಯೂ ಜಂಟಿ ಹೆಸರಿನಲ್ಲಿ ಮನೆ ಕೊಂಡು, ಇಬ್ಬರೂ ಸಹಿ ಹಾಕಿ ಬ್ಯಾಂಕಿನಿಂದ ಗೃಹ ಸಾಲ ಪಡೆದಿದ್ದಿರಿ. ಆಮೇಲೆ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು. ಮನೆ ಅವರಿಗೆ, ಉಳಿದ ಕಂತುಗಳೂ ಅವರದೇ ಹೊಣೆ ಎಂದು ರಾಜಿ ಪತ್ರದಲ್ಲಿ ಬರೆದುಕೊಂಡಿರಿ. ಆ ಷರತ್ತು ಡಿಕ್ರಿಯಲ್ಲಿಯೂ, ಅಂದರೆ ನ್ಯಾಯಾಲಯದ ಅಂತಿಮ ಆದೇಶದಲ್ಲಿಯೂ, ಸೇರಿತು. ನಿಮ್ಮ ಅರ್ಧ ಪಾಲನ್ನು ಹಕ್ಕು ಬಿಡುಗಡೆ ಪತ್ರ ಬರೆದು ನೋಂದಾಯಿಸಿ ಕೊಟ್ಟಿರಿ. ಈಗ ಅವರು ಎರಡು ಕಂತು ತಪ್ಪಿಸಿದ್ದಾರೆ, ಬ್ಯಾಂಕು ನಿಮಗೂ ಪತ್ರ ಬರೆದಿದೆ, ನೀವು ಸ್ವಂತಕ್ಕೆ ಕೇಳಿದ ಸಾಲ ಇದೇ ಕಾರಣಕ್ಕೆ ನಿಂತಿದೆ. ‘ನ್ಯಾಯಾಲಯವೇ ಅವರ ಹೊಣೆ ಎಂದ ಮೇಲೆ ಬ್ಯಾಂಕು ನನ್ನನ್ನು ಕೇಳುವುದು ಹೇಗೆ?’ ಎಂಬುದು ನಿಮ್ಮ ಮೊದಲ ಪ್ರಶ್ನೆ. ಡಿಕ್ರಿಯ ನಕಲು ಕಳಿಸಿ ಸುಮ್ಮನಿರು ಎಂಬ ನಿಮ್ಮ ಅಣ್ಣನವರ ಮಾತು ಸರಿಯೇ ಎಂಬುದು ಎರಡನೆಯದು. ಎಲ್ಲ ಸಾಲವನ್ನೂ ನೀವೇ ತೀರಿಸಬೇಕಾಗಿ ಬಂದರೆ ಮನೆಯ ಮೇಲೆ ಮತ್ತೆ ಹಕ್ಕು ಬರುತ್ತದೆಯೇ ಎಂಬುದು ಮೂರನೆಯದು.

ಮೊದಲ ಪ್ರಶ್ನೆಗೆ ಉತ್ತರ ನಿಮಗೆ ಹಿತವಾಗಿರುವುದಿಲ್ಲ. ಬ್ಯಾಂಕು ನಿಮ್ಮನ್ನು ಕೇಳುವುದು ಕಾನೂನಿನ ಪ್ರಕಾರ ಸರಿಯಾಗಿಯೇ ಇದೆ. ನಿಮ್ಮ ಮಾಜಿ ಪತಿ ಡಿಕ್ರಿಯನ್ನು ಮುರಿದಿದ್ದಾರೆ ಎಂಬುದೂ ಅಷ್ಟೇ ಸರಿ. ಆದರೆ ಇವೆರಡು ಬೇರೆ ಬೇರೆ ಲೆಕ್ಕಗಳು. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಡಲಾಗದು.

ಭಾರತೀಯ ಕರಾರು ಅಧಿನಿಯಮ, 1872ರ 43ನೇ ಕಲಮು ಹೇಳುವುದು ಇಷ್ಟು: ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಒಂದು ಮಾತು ಕೊಟ್ಟಿದ್ದರೆ, ಬೇರೆ ರೀತಿಯ ಸ್ಪಷ್ಟ ಒಪ್ಪಂದ ಇಲ್ಲದಿರುವಾಗ, ಮಾತು ಪಡೆದವನು ಅವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿಯನ್ನು ಕೇಳಬಹುದು. ಅರ್ಧ ಸಾಲ ಅವರದು, ಅರ್ಧ ನನ್ನದು ಎಂಬ ವಿಂಗಡಣೆ ನಿಮ್ಮಿಬ್ಬರ ನಡುವೆ ಇರಬಹುದು, ಬ್ಯಾಂಕಿನ ಎದುರು ಇಲ್ಲ. ಸಾಲ ಕೊಡುವಾಗ ಅದು ಎರಡು ಸಂಬಳಗಳನ್ನು ನೋಡಿ ಮೊತ್ತವನ್ನು ನಿಗದಿ ಮಾಡಿತ್ತು. ವಿಚ್ಛೇದನದ ಪ್ರಕರಣದಲ್ಲಿ ಅದು ಕಕ್ಷಿದಾರನಾಗಿರಲಿಲ್ಲ, ಅದರ ವಾದವನ್ನು ಯಾರೂ ಕೇಳಲಿಲ್ಲ. ಹಾಗಾಗಿ ಅಲ್ಲಿ ಬಂದ ಡಿಕ್ರಿ ನಿಮ್ಮಿಬ್ಬರನ್ನು ಕಟ್ಟಿಹಾಕುತ್ತದೆಯೇ ಹೊರತು ಬ್ಯಾಂಕಿನ ಕೈಯನ್ನಲ್ಲ. ವಿಚ್ಛೇದನ ಯಾವ ಕಾನೂನಿನಡಿ ಆಯಿತು ಎಂಬುದರಿಂದಲೂ ಇದು ಬದಲಾಗುವುದಿಲ್ಲ, ಏಕೆಂದರೆ ಮದುವೆಯ ಕಾನೂನು ಧರ್ಮಕ್ಕೊಂದರಂತೆ ಇದ್ದರೂ ಕರಾರಿನ ಕಾನೂನು ಎಲ್ಲರಿಗೂ ಒಂದೇ.

ನಿಮ್ಮ ಪ್ರಕರಣದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹಕ್ಕು ಬಿಡುಗಡೆ ಪತ್ರ. ಸ್ಥಿರಾಸ್ತಿಯಲ್ಲಿನ ಪಾಲು ಬಿಡುವ ಪತ್ರಕ್ಕೆ ನೋಂದಣಿ ಬೇಕು, ಅದನ್ನು ನೀವು ಮಾಡಿದ್ದೀರಿ. ಆದರೆ ಅದರಿಂದ ಹೋದದ್ದು ಆಸ್ತಿ ಮಾತ್ರ. ಸಾಲದ ಕರಾರಿನ ಮೇಲಿನ ನಿಮ್ಮ ಸಹಿ ಇದ್ದ ಹಾಗೆಯೇ ಇದೆ. ಅಡಮಾನದಲ್ಲಿರುವ ಆಸ್ತಿಯ ಪಾಲನ್ನು ತನ್ನ ಒಪ್ಪಿಗೆಯಿಲ್ಲದೆ ವರ್ಗಾಯಿಸಬಾರದು ಎಂಬ ಷರತ್ತು ಸಾಲದ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದರಿಂದ, ಬ್ಯಾಂಕು ಆ ಬಗ್ಗೆಯೂ ತಗಾದೆ ತೆಗೆಯಬಹುದು. ಮನೆಯನ್ನು ಮೊದಲು ಬಿಟ್ಟುಕೊಟ್ಟು ಸಾಲದಿಂದ ಆಮೇಲೆ ಹೊರಬರೋಣ ಎಂಬ ಕ್ರಮವೇ ತಲೆಕೆಳಗಾದದ್ದು. ನಿಮ್ಮ ಪರ ವಕೀಲರು ಇದನ್ನು ತಡೆಯಬೇಕಿತ್ತು ಎಂದು ಹೇಳದೆ ವಿಧಿಯಿಲ್ಲ. ರಾಜಿ ಪತ್ರಗಳಲ್ಲಿ ಜೀವನಾಂಶದ ಮೊತ್ತ, ಮಕ್ಕಳ ಭೇಟಿಯ ದಿನ, ಒಡವೆಗಳ ಪಟ್ಟಿ ಇವೆಲ್ಲ ಪುಟಗಟ್ಟಲೆ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಮೊತ್ತವಾದ ಗೃಹ ಸಾಲಕ್ಕೆ ಮಾತ್ರ ‘ಗಂಡನು ಕಟ್ಟತಕ್ಕದ್ದು’ ಎಂಬ ಒಂದು ಸಾಲು. ಯಾವ ತಾರೀಖಿನೊಳಗೆ ಬ್ಯಾಂಕಿನಿಂದ ಹೆಂಡತಿಯ ಹೆಸರು ತೆಗೆಸಬೇಕು, ತೆಗೆಸದಿದ್ದರೆ ಏನು ಎಂಬುದು ನೀವು ಕಳಿಸಿದ ಪತ್ರದಲ್ಲಿಯೂ ಇಲ್ಲ.

ಇನ್ನು ಅಣ್ಣನವರ ಸಲಹೆ. ಡಿಕ್ರಿಯ ನಕಲು ಕಳಿಸುವುದರಲ್ಲಿ ತಪ್ಪಿಲ್ಲ, ಸುಮ್ಮನಿರುವುದರಲ್ಲಿ ಇದೆ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಸಾಲವನ್ನು ಅನುತ್ಪಾದಕ ಎಂದು, ಅಂದರೆ ಎನ್‌ಪಿಎ ಎಂದು ವರ್ಗೀಕರಿಸಲಾಗುತ್ತದೆ. ಎರಡು ಕಂತು ತಪ್ಪಿವೆ ಎಂದರೆ ನಿಮಗೆ ಉಳಿದಿರುವ ಅವಧಿ ಬಹಳ ಕಡಿಮೆ. ಆ ಗೆರೆ ದಾಟಿದ ಮೇಲೆ ಒಂದು ಕಂತು ಕಟ್ಟಿ ಹಿಂದೆ ಬರಲಾಗದು. ಖಾತೆ ಮತ್ತೆ ಸರಿ ಎನಿಸಿಕೊಳ್ಳಬೇಕಾದರೆ ಬಡ್ಡಿ ಅಸಲು ಸಮೇತ ಬಾಕಿ ಪೂರ್ತಿ ತೀರಬೇಕು. ಅಲ್ಲಿಂದ ಮುಂದೆ, ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯ ದಾರಿ ತೆರೆಯುತ್ತದೆ. ಮೊದಲು 13(2)ನೇ ಕಲಮಿನ ನೋಟಿಸು, ಅದಕ್ಕೆ 60 ದಿನಗಳ ಗಡುವು. ಆ ಬಳಿಕ ಮನೆಯ ಸ್ವಾಧೀನ, ಹರಾಜು. ಹರಾಜಿನಲ್ಲಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ಸಾಲಗಾರರಿಂದ ವಸೂಲು ಮಾಡಲು ಬ್ಯಾಂಕಿಗೆ ಹಕ್ಕಿದೆ, ಮತ್ತು ಆ ಸಾಲಗಾರರಲ್ಲಿ ನೀವೂ ಒಬ್ಬರು. ಮನೆ ನನ್ನದಲ್ಲ, ಹರಾಜಾದರೆ ಆಗಲಿ ಎಂದು ನೀವು ಬರೆದಿರುವುದು ಈ ಒಂದು ಕಾರಣಕ್ಕೆ ಅಪಾಯದ ಮಾತು. ನಿಮ್ಮ ಸಂಬಳದ ಖಾತೆ ಅದೇ ಬ್ಯಾಂಕಿನಲ್ಲಿದ್ದರೆ ಇನ್ನಷ್ಟು ಎಚ್ಚರ ಬೇಕು. ಸಾಲದ ಬಾಕಿಯನ್ನು ಸಾಲಗಾರರ ಇತರ ಖಾತೆಗಳಿಂದ ಮುರಿದುಕೊಳ್ಳುವ ಅಧಿಕಾರವನ್ನು ಕರಾರುಗಳಲ್ಲಿ ಬರೆದಿಟ್ಟುಕೊಳ್ಳುವುದು ವಾಡಿಕೆ.

ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಸಿಬಿಲ್ ಅಂಕದ ವಿಷಯವೂ ಹೀಗೆಯೇ. ಜಂಟಿ ಸಾಲದ ಸುಸ್ತಿ, ಅಂದರೆ ಕಂತು ತಪ್ಪಿದ್ದು, ಇಬ್ಬರ ದಾಖಲೆಯಲ್ಲಿಯೂ ಬೀಳುತ್ತದೆ, ಮತ್ತು ಬಿದ್ದದ್ದು ತಪ್ಪು ಮಾಹಿತಿಯಲ್ಲದ ಕಾರಣ ಡಿಕ್ರಿ ತೋರಿಸಿ ಅಳಿಸಿಕೊಳ್ಳಲು ಬರುವುದಿಲ್ಲ. ಪ್ರತಿ ವರ್ಷ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು, ಅದನ್ನು ತರಿಸಿಕೊಂಡು ಬೇರೆ ಏನೇನಿದೆ ಎಂದು ನೋಡಿ.

ಹಾಗಾದರೆ ಬಾಕಿ ಕಂತುಗಳನ್ನು ನೀವೇ ಕಟ್ಟಬೇಕೆ? ನಿಮ್ಮ ಕೈಯಲ್ಲಿ ಸಾಧ್ಯವಿದ್ದರೆ ಕಟ್ಟಿ ಎಂದೇ ಹೇಳುತ್ತೇನೆ, ಇದು ಅನ್ಯಾಯವೆಂದು ತಿಳಿದೂ. ಕಟ್ಟಿದ್ದನ್ನು ವಾಪಸು ಪಡೆಯುವ ಹಕ್ಕು ನಿಮಗಿದೆ, ಎನ್‌ಪಿಎ ಎಂಬ ಗುರುತನ್ನು ಹಾಗೆ ವಾಪಸು ಮಾಡಲಾಗುವುದಿಲ್ಲ. ಜಂಟಿ ಸಾಲಗಾರರಲ್ಲಿ ಒಬ್ಬರು ಪೂರ್ತಿ ಕಟ್ಟಿದರೆ ಸಾಮಾನ್ಯವಾಗಿ ಇನ್ನೊಬ್ಬರಿಂದ ಸಮಪಾಲು ಕೇಳಬಹುದು. ನಿಮ್ಮ ರಾಜಿ ಪತ್ರ ಇಡೀ ಹೊಣೆಯನ್ನು ಅವರ ಮೇಲೆ ಹಾಕಿರುವುದರಿಂದ ನೀವು ಕೇಳಬೇಕಾದದ್ದು ಅರ್ಧವಲ್ಲ, ಪೂರ್ತಿ. ಆದರೆ ಹಣವನ್ನು ಅವರ ಕೈಗೆ ಕೊಡಬೇಡಿ, ಅವರ ಉಳಿತಾಯ ಖಾತೆಗೂ ಹಾಕಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹೋಗಲಿ, ಅದೇ ದಿನ ಅವರಿಗೊಂದು ನೋಂದಾಯಿತ ಅಂಚೆ ಹೋಗಲಿ: ಡಿಕ್ರಿಯ ಇಂತಹ ಷರತ್ತಿನಂತೆ ನೀವು ಕಟ್ಟಬೇಕಾಗಿದ್ದ ಇಷ್ಟು ಮೊತ್ತವನ್ನು ನನ್ನ ಹಿತರಕ್ಷಣೆಗಾಗಿ ಕಟ್ಟಿದ್ದೇನೆ, ಇಷ್ಟು ದಿನಗಳೊಳಗೆ ಹಿಂದಿರುಗಿಸಬೇಕು ಎಂದು. ದಾಖಲೆಯಿಲ್ಲದೆ ಕಟ್ಟಿದ ಹಣವನ್ನು ಅವರ ಕಡೆಯವರು ಮುಂದೆ ಉಡುಗೊರೆ ಎಂದೋ ಹಳೆಯ ಲೆಕ್ಕದ ತೀರುವಳಿ ಎಂದೋ ಕರೆಯುವುದನ್ನು ಇದು ತಡೆಯುತ್ತದೆ.

ಬ್ಯಾಂಕಿಗೂ ಬರೆಯಿರಿ. ಸಹ-ಸಾಲಗಾರರಾದ ನಿಮಗೆ ಸಾಲದ ಖಾತೆಯ ವಿವರಪಟ್ಟಿ ಕೇಳುವ ಹಕ್ಕಿದೆ. ಮುಂದಿನ ಎಲ್ಲ ಪತ್ರ, ಸಂದೇಶ, ನೋಟಿಸುಗಳು ನಿಮ್ಮ ಈಗಿನ ವಿಳಾಸಕ್ಕೂ ಬರಬೇಕೆಂದು, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಈ ಮನೆಯ ಮೇಲೆ ಹೆಚ್ಚುವರಿ (ಟಾಪ್-ಅಪ್) ಸಾಲ ಕೊಡಬಾರದೆಂದು, ನಿಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡುವ ಸಾಧ್ಯತೆಯನ್ನು ಪರಿಶೀಲಿಸಬೇಕೆಂದು ಕೇಳಿ, ಸ್ವೀಕೃತಿ ಪಡೆಯಿರಿ. ಹಳೆಯ ವಿಳಾಸಕ್ಕೆ ಹೋದ ನೋಟಿಸು ಕೈಸೇರದೆ 60 ದಿನ ಕಳೆದುಹೋಗುವುದು ಬೇರೆಯಾದ ದಂಪತಿಗಳ ವಿಷಯದಲ್ಲಿ ಸುಲಭವಾಗಿ ನಡೆಯಬಹುದಾದ ಸಂಗತಿ. ನೋಟಿಸು ಬಂದರೆ ಆಕ್ಷೇಪಣೆ ಸಲ್ಲಿಸಬಹುದು, ಬ್ಯಾಂಕು ಅದಕ್ಕೆ 15 ದಿನಗಳೊಳಗೆ ಉತ್ತರ ಕೊಡಬೇಕು. ಸ್ವಾಧೀನದ ಕ್ರಮ ಶುರುವಾದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ನನಗೆ ವಿಚ್ಛೇದನವಾಗಿದೆ ಎಂಬ ಒಂದೇ ಆಧಾರದ ಮೇಲೆ ಅಲ್ಲಿ ಗೆಲ್ಲುವ ನಿರೀಕ್ಷೆ ಬೇಡ.

ಡಿಕ್ರಿಗೆ ಬಲವಿರುವುದು ಮಾಜಿ ಪತಿಯ ವಿರುದ್ಧ, ಅದನ್ನು ಬಳಸಬೇಕಾದ ಜಾಗವೂ ಅದೇ. ಕೌಟುಂಬಿಕ ನ್ಯಾಯಾಲಯದ ಡಿಕ್ರಿಯನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಹಾಗೆ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗೆ 12 ವರ್ಷಗಳ ಅವಧಿ ಇದೆ, ಆದರೆ ನೀವು ಕಟ್ಟಿದ ಹಣವನ್ನು ಬೇರೆ ದಾವೆ ಹೂಡಿ ಕೇಳಬೇಕಾದರೆ ಕಾಲಮಿತಿ 3 ವರ್ಷ ಮಾತ್ರ ಎಂದು ಇಟ್ಟುಕೊಳ್ಳಿ. ಷರತ್ತು ಡಿಕ್ರಿಯ ಭಾಗವೇ ಆಗಿದೆಯೋ ಅಥವಾ ಹೊರಗೆ ಮಾಡಿಕೊಂಡ ಬರಿಯ ಒಪ್ಪಂದವೋ ಎಂಬುದರ ಮೇಲೆ ಅಮಲ್ಜಾರಿಯೋ ದಾವೆಯೋ ಎಂಬುದು ನಿಂತಿದೆ. ಅವರು ಕಂತು ಕಟ್ಟುತ್ತೇನೆಂದು ನ್ಯಾಯಾಲಯಕ್ಕೇ ಮುಚ್ಚಳಿಕೆ ಬರೆದುಕೊಟ್ಟು ಬೇಕೆಂದೇ ಮುರಿದಿದ್ದರೆ ಅದು ನ್ಯಾಯಾಂಗ ನಿಂದನೆಯೂ ಆಗಬಹುದು, ಅದರ ಅರ್ಜಿಗೆ ಒಂದು ವರ್ಷದ ಮಿತಿಯಿದೆ. ಕೆಲಸ ಕಳೆದುಕೊಂಡು ಕಟ್ಟಲಾಗದವರ ಮೇಲೆ ಈ ಅಸ್ತ್ರದಿಂದ ಹೆಚ್ಚೇನೂ ಸಿಗದು. ಅವರ ಪರಿಸ್ಥಿತಿ ಏನೆಂದು ನಿಮ್ಮ ಪತ್ರದಿಂದ ತಿಳಿಯಲಿಲ್ಲ. ವಕೀಲರ ನೋಟಿಸಿಗಿಂತ ಮೊದಲು ಒಮ್ಮೆ ಕೇಳಿ ನೋಡುವುದು ಸೋಲೇನಲ್ಲ.

ಈ ಸಾಲದಿಂದ ಶಾಶ್ವತವಾಗಿ ಹೊರಬರುವ ದಾರಿಗಳು ಮೂರೇ. ಬ್ಯಾಂಕು ನಿಮ್ಮನ್ನು ಲಿಖಿತವಾಗಿ ಬಿಡುಗಡೆ ಮಾಡುವುದು ಒಂದು. ಹಾಗೆ ನಿಮ್ಮೊಬ್ಬರನ್ನು ಬಿಟ್ಟರೂ ಮಾಜಿ ಪತಿಯ ಹೊಣೆ ಉಳಿಯುತ್ತದೆ ಎಂದು ಕರಾರು ಅಧಿನಿಯಮದ 44ನೇ ಕಲಮು ಹೇಳುವುದರಿಂದ ಬ್ಯಾಂಕಿಗೆ ಕಾನೂನಿನ ಅಡ್ಡಿಯಿಲ್ಲ, ಆದರೆ ಅವರೊಬ್ಬರ ಆದಾಯ ಸಾಲದೆಂದು ಕಂಡರೆ ಅದು ಒಪ್ಪಬೇಕಾಗಿಯೂ ಇಲ್ಲ. ಅವರ ತಂದೆಯೋ ಸೋದರರೋ ನಿಮ್ಮ ಜಾಗದಲ್ಲಿ ಸಹಿ ಹಾಕಲು ಮುಂದೆ ಬಂದರೆ ಮಾತುಕತೆ ಸುಲಭವಾಗುತ್ತದೆ. ಅವರು ತಮ್ಮೊಬ್ಬರ ಹೆಸರಿನಲ್ಲಿ ಬೇರೆ ಬ್ಯಾಂಕಿನಿಂದ ಸಾಲ ತೆಗೆದು ಹಳೆಯದನ್ನು ಮುಚ್ಚುವುದು ಎರಡನೆಯದು. ವ್ಯಕ್ತಿಗಳ ಬದಲಾಗುವ ಬಡ್ಡಿದರದ ಗೃಹ ಸಾಲಕ್ಕೆ ಅವಧಿಪೂರ್ವ ಮುಕ್ತಾಯದ ಶುಲ್ಕ ಹಾಕುವಂತಿಲ್ಲ. ಮೂರನೆಯದು ಬ್ಯಾಂಕಿನ ಒಪ್ಪಿಗೆಯೊಂದಿಗೆ ಮನೆ ಮಾರಿ ಸಾಲ ತೀರಿಸುವುದು. ಹರಾಜಿಗಿಂತ ಇದರಲ್ಲಿ ಅವರಿಗೂ ಒಳ್ಳೆಯ ಬೆಲೆ ಸಿಗುವ ಸಂಭವ ಹೆಚ್ಚು, ಆ ಲಾಭವನ್ನು ಮುಂದಿಟ್ಟೇ ಮಾತಾಡಿ.

ಇನ್ನೂ ಸಹಿ ಹಾಕದ ಓದುಗರಿಗೆ ಎರಡು ಮಾತು. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಮೊದಲ ಮತ್ತು ಎರಡನೆಯ ಹೇಳಿಕೆಗಳ ನಡುವೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಸಾಲದ ಬದಲಾವಣೆಯನ್ನು ಆ ಅವಧಿಯಲ್ಲೇ ಮುಗಿಸಿ, ಬ್ಯಾಂಕಿನ ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಹಕ್ಕು ಬಿಟ್ಟುಕೊಡಿ. ಅದು ಆಗದಿದ್ದರೆ, ಇಂತಹ ದಿನದೊಳಗೆ ಸಹ-ಸಾಲಗಾರರ ಹೆಸರು ತೆಗೆಸದಿದ್ದರೆ ಮನೆ ಮಾರತಕ್ಕದ್ದು ಎಂಬ ಷರತ್ತನ್ನು ಡಿಕ್ರಿಯಲ್ಲಿ ಸೇರಿಸಿಕೊಳ್ಳಿ. ಸಾಲಗಾರರಲ್ಲದೆ ಜಾಮೀನುದಾರರಾಗಿ ಮಾತ್ರ ಸಹಿ ಹಾಕಿದವರೂ ನಿಶ್ಚಿಂತರಾಗಿರುವಂತಿಲ್ಲ, ಅವರ ಹೊಣೆಯೂ ಸಾಲಗಾರನಷ್ಟೇ.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಕಂತು ಕಟ್ಟಿದ ಮಾತ್ರಕ್ಕೆ ಮನೆಯ ಮೇಲೆ ಹಕ್ಕು ಬರುವುದಿಲ್ಲ. ಆಗ ನಿಮಗಿರುವುದು ಹಣ ಕೇಳುವ ಹಕ್ಕು ಮಾತ್ರ. ಇಡೀ ಅಡಮಾನ ಸಾಲವನ್ನು ತೀರಿಸಿದರೆ ಸ್ಥಿತಿ ಬೇರೆ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 92ನೇ ಕಲಮಿನಂತೆ, ಅಡಮಾನವನ್ನು ಪೂರ್ತಿಯಾಗಿ ಬಿಡಿಸಿದ ಸಹ-ಅಡಮಾನದಾರನಿಗೆ ಬ್ಯಾಂಕು ನಿಂತಿದ್ದ ಸ್ಥಾನ ಸಿಗುತ್ತದೆ, ಅಂದರೆ ತನ್ನ ಹಣ ಬರುವವರೆಗೆ ಆ ಆಸ್ತಿಯನ್ನೇ ಭದ್ರತೆಯಾಗಿ ಹಿಡಿದು ವಸೂಲಿಗೆ ಹೋಗಬಹುದು. ನೀವು ಅಡಮಾನ ಮಾಡಿದಾಗ ಮಾಲೀಕರಾಗಿದ್ದು ಆಮೇಲೆ ಪಾಲು ಬಿಟ್ಟವರಾದ ಕಾರಣ, ಈ ಕಲಮು ನಿಮಗೆ ಅನ್ವಯಿಸುತ್ತದೆಯೇ ಎಂಬುದರ ಮೇಲೆ ಅವರ ಕಡೆಯಿಂದ ತಕರಾರು ಬರಬಹುದು. ಆದ್ದರಿಂದ ಅಷ್ಟು ದೊಡ್ಡ ಮೊತ್ತ ಕಟ್ಟುವ ಮುನ್ನ ಕ್ರಯಪತ್ರ, ಸಾಲದ ಕರಾರು, ಹಕ್ಕು ಬಿಡುಗಡೆ ಪತ್ರ, ಡಿಕ್ರಿ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಸಿವಿಲ್ ವಕೀಲರೊಬ್ಬರಿಗೆ ತೋರಿಸಿ. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ತೀರಿಸುವವರು ನೀವೇ ಆದರೆ, ಹಣ ಕಟ್ಟುವ ಮುಂಚೆಯೇ ಅವು ಯಾರ ಕೈಗೆ ಹೋಗುತ್ತವೆ ಎಂಬುದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.

— ಸಂಪಾದಕ