ಕನ್ಸೋಲ್ ಪ್ರೋಗ್ರಾಂ ಲೇಖನ: ಎರಡು ಸಾಲುಗಳ ಬಗ್ಗೆ ತಕರಾರು

ಮಾನ್ಯರೇ,

ಸಿ ಶಾರ್ಪ್ ಕನ್ಸೋಲ್ ಪ್ರೋಗ್ರಾಂನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ (ಕ್ಲಾಸಿಗೆ ಬೇಕಾದದ್ದನ್ನು ಹೊರಗಿನಿಂದಲೇ ಕೊಡುವ ವಿಧಾನ) ಬಳಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಉದಾಹರಣೆ ಚಿಕ್ಕದಾಗಿದೆ. ಸಂತೋಷ. ಆದರೆ ಎರಡು ಸಾಲುಗಳು ನನ್ನನ್ನು ಕೆರಳಿಸಿದವು.

"ರಿಪೋರ್ಟ್‌ಮೇಕರ್ ಕನ್‌ಸ್ಟ್ರಕ್ಟರ್‌ಗೆ ಐಸರ್ವಿಸ್‌ಪ್ರೊವೈಡರ್ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಪಡೆದುಕೊಳ್ಳುತ್ತದೆ" ಎಂದಿದ್ದೀರಿ. ಸಾಲದು. ಕನ್‌ಸ್ಟ್ರಕ್ಟರ್ ಎಂದರೆ ಕ್ಲಾಸಿನ ವಸ್ತುವನ್ನು ಕಟ್ಟುವ ಭಾಗ. ಐಸರ್ವಿಸ್‌ಪ್ರೊವೈಡರ್ ಎಂದರೆ ಕಂಟೇನರ್, ನೋಂದಾಯಿಸಿದ್ದನ್ನೆಲ್ಲ ಕೇಳಿದಾಗ ಕೊಡುವ ಉಗ್ರಾಣ. ಬೇಕಾದ ಸಾಮಾನು ಕೊಡುವ ಬದಲು ಉಗ್ರಾಣದ ಬೀಗದ ಕೈಯನ್ನೇ ಕೊಟ್ಟ ಹಾಗಾಯಿತು. ಆ ಕ್ಲಾಸಿಗೆ ನಿಜವಾಗಿ ಏನು ಬೇಕೆಂದು ಹೊರಗಿನಿಂದ ನೋಡಿದವರಿಗೆ ತಿಳಿಯದು. ಇದು ಸರ್ವಿಸ್ ಲೊಕೇಟರ್, ಬೇಕಾದದ್ದನ್ನು ಕ್ಲಾಸೇ ಒಳಗಿನಿಂದ ಕೇಳಿ ತರುವ ವಿಧಾನ. ಇಂಜೆಕ್ಷನ್‌ಗೂ ಇದಕ್ಕೂ ಇರುವ ಅಂತರವನ್ನು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲೇ ಬಿಡಿಸಿ ಬರೆದಿದ್ದಾರೆ. ನಿಮ್ಮ ಕೋಡಿನಲ್ಲಿ ಕೆಳಗೆ, ಮೂರನೆಯ ಇಫ್ ಒಳಗೆ, ಗೆಟ್‌ಸರ್ವಿಸ್ ಕರೆದು ಮೇಲ್ ಕಳಿಸುವ ಕ್ಲಾಸನ್ನು ಕೇಳಿದ್ದೀರಿ. ಅದನ್ನು ನೋಂದಾಯಿಸಲು ಮರೆತಿದ್ದರೆ ಸಿಗುವುದು ನಲ್ (ಏನೂ ಇಲ್ಲ), ಅದೂ ಆ ಇಫ್ ನಿಜವಾದ ದಿನ. ಕನ್‌ಸ್ಟ್ರಕ್ಟರ್‌ನಲ್ಲೇ ಕೇಳಿದ್ದರೆ ಪ್ರೋಗ್ರಾಂ ಶುರುವಿನಲ್ಲೇ ಎಡವಿ, ಯಾವುದು ಸಿಗಲಿಲ್ಲವೆಂದು ಹೆಸರು ಹಿಡಿದು ಹೇಳುತ್ತಿತ್ತು. ಕಂಟೇನರ್‌ನ ಸುದ್ದಿ ಪ್ರೋಗ್ರಾಂ ಶುರುವಾಗುವ ಮೇನ್ ದಾಟಿ ಒಳಗೆ ಬರಬಾರದು.

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯರೊಬ್ಬರು ಕೋಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದುತ್ತಿದ್ದರು. ಕನ್‌ಸ್ಟ್ರಕ್ಟರ್ ಬಿಟ್ಟು ಉಳಿದದ್ದನ್ನು ಅಂಗೈಯಿಂದ ಮುಚ್ಚಿ, ಈ ಕ್ಲಾಸ್ ಏನು ಮಾಡುತ್ತದೆಂದು ಊಹಿಸುತ್ತಿದ್ದರು. ಊಹೆ ತಪ್ಪಿದರೆ ಹಾಳೆ ವಾಪಸು, ವಿವರಣೆ ಇಲ್ಲ. ಆಗ ವಿಪರೀತ ಸಿಟ್ಟು ಬರುತ್ತಿತ್ತು. ಈಗ ನಾನೂ ಹಾಗೆಯೇ ಓದುತ್ತೇನೆ. ನಿಮ್ಮ ರಿಪೋರ್ಟ್‌ಮೇಕರ್ ಏನು ಮಾಡುತ್ತದೆಂದು ಊಹಿಸಲು ನನ್ನಿಂದ ಆಗಲಿಲ್ಲ.

ಎರಡನೆಯ ಸಾಲು: "ಕೊನೆಯಲ್ಲಿ ಥ್ರೆಡ್ ಸ್ಲೀಪ್ ಇಲ್ಲದಿದ್ದರೆ ಲಾಗ್ ಕೆಲವೊಮ್ಮೆ ಕಾಣಿಸದು, ಹಾಕಿಬಿಡಿ." ಪ್ರೋಗ್ರಾಂ ಸುಮ್ಮನೆ ಸ್ವಲ್ಪ ಹೊತ್ತು ಕಾಯಲಿ ಎಂದು. ಲಾಗ್ ಏಕೆ ಕಾಣಿಸದು? ಓದುಗ ಕೇಳುವುದಿಲ್ಲವೆಂದು ನಂಬಿದಿರೇನು? ಕನ್ಸೋಲ್ ಲಾಗರ್ ಸಂದೇಶಗಳನ್ನು ಸರದಿಗೆ ಸೇರಿಸಿ, ಹಿನ್ನೆಲೆಯ ಥ್ರೆಡ್‌ನಿಂದ ಬರೆಸುತ್ತದೆ. ಮೇನ್ ಮುಗಿದ ಮೇಲೆ ಆ ಥ್ರೆಡ್‌ಗಾಗಿ ಯಾರೂ ಕಾಯುವುದಿಲ್ಲ. ಕಂಟೇನರನ್ನು ಕಟ್ಟುವ ಬಿಲ್ಡ್‌ಸರ್ವಿಸ್‌ಪ್ರೊವೈಡರ್ ಕರೆಯುವ ಸಾಲನ್ನು ಯೂಸಿಂಗ್‌ನಿಂದ ಆರಂಭಿಸಿ. ಆಗ ಕೊನೆಯಲ್ಲಿ ಪ್ರೊವೈಡರ್ ಡಿಸ್ಪೋಸ್ ಆಗುತ್ತದೆ (ಕೆಲಸ ಮುಗಿಸಿ ಮುಚ್ಚಿಕೊಳ್ಳುತ್ತದೆ), ಅದರೊಂದಿಗೆ ಲಾಗರ್ ಕೂಡ ಬಾಕಿ ಉಳಿದದ್ದನ್ನು ಬರೆದು ಮುಗಿಸುತ್ತದೆ. ವೆಬ್ ಅಪ್ಲಿಕೇಶನ್‌ನಲ್ಲಿ ಈ ಜವಾಬ್ದಾರಿ ಅಪ್ಲಿಕೇಶನ್ ನಡೆಸಿ ಮುಗಿಸುವ ಹೋಸ್ಟ್‌ನದು. ನಿಮ್ಮ ಪುಟ್ಟ ಪ್ರೋಗ್ರಾಂನಲ್ಲಿ ಹೋಸ್ಟ್ ಇಲ್ಲ, ಆದ್ದರಿಂದ ನಿಮ್ಮದು. ಲೇಖನದ ತಿರುಳೇ ಇದಾಗಬೇಕಿತ್ತು.

ಇವೆರಡನ್ನು ತಿದ್ದಿ ಮತ್ತೆ ಕಳಿಸಿ. ಸ್ಕೋಪ್‌ಗಳ ಕುರಿತ ನಿಮ್ಮ ಪುಟವನ್ನು ಆಗ ಓದುತ್ತೇನೆ.

ಇಂತಿ,
ಸಂಪಾದಕ